ಎರಡು ಪಂಚಾಂಗ, ಒಂದು ಮಗು

ಹಬ್ಬ ಅಂದರೇನು ಅಂತ ನನ್ನ ಮಗಳು ಕಲಿತದ್ದು ಇಸ್ರೇಲಿನಲ್ಲಿ. ನಮ್ಮವರ ಪೋಸ್ಟ್‌ಡಾಕ್ ಕೆಲಸಕ್ಕೆ ಅಂತ ನಾವು ರೆಹೊವೊತ್ ಊರಿಗೆ ಹೋದಾಗ ಅವಳಿಗೆ ಎರಡು ವರ್ಷ. ವಾಪಸ್ ಬೆಂಗಳೂರಿಗೆ ಬಂದಾಗ ಆರು. ನಡುವಿನ ನಾಲ್ಕು ವರ್ಷ ಅವಳು ಅಲ್ಲಿನ ಶಿಶುವಿಹಾರಕ್ಕೆ ಹೋದಳು. ಹೀಬ್ರೂನಲ್ಲಿ ಅದಕ್ಕೆ 'ಗಾನ್' ಅಂತಾರೆ, ಅಂದರೆ ತೋಟ. ಆ ತೋಟದಲ್ಲಿ ಇಡೀ ವರ್ಷ ನಡೆಯೋದು ಹಬ್ಬದ ಲೆಕ್ಕದಲ್ಲೇ.

ಬೆಳಗಾವಿಯಲ್ಲಿರೋ ನಮ್ಮ ಅವ್ವನಿಗೆ ಇದೇ ಚಿಂತೆ. ವಿಡಿಯೋ ಕಾಲ್‌ನಲ್ಲಿ ಮೊಮ್ಮಗಳು ಹೀಬ್ರೂ ಹಾಡು ಹಾಡಿದಾಗ ಚಪ್ಪಾಳೆ ತಟ್ಟುತ್ತಿದ್ದಳು. ಆಮೇಲೆ ನನ್ನ ಹತ್ತಿರ ಸಣ್ಣ ದನಿಯಲ್ಲಿ, "ಎಲ್ಲಾ ಚೊಲೋನ ಐತಿ. ಆದ್ರ ಅಕಿಗೆ ನಮ್ಮ ಹಬ್ಬ ಯಾವಾಗ ತಿಳೀಬೇಕವಾ?" ಅನ್ನುತ್ತಿದ್ದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಗಣೇಶ ಚೌತಿ ಅಲ್ಲಿ ಕೆಲಸದ ದಿನ. ಅಕ್ಕಪಕ್ಕ ಪಟಾಕಿ ಸದ್ದಿಲ್ಲ, ಊರಲ್ಲಿ ಪೆಂಡಾಲ್ ಇಲ್ಲ. ಮನೆಯೊಳಗಿನ ಮೂರು ಜನ ಸೇರಿ ಎಷ್ಟು ಹಬ್ಬ ಮಾಡಲು ಸಾಧ್ಯ?

ಮೊದಲ ತಿಂಗಳೇ ಅಲ್ಲಿನ ಟೀಚರ್ ನಮ್ಮನ್ನು ಕೂರಿಸಿ ಕೇಳಿದ್ದರು, "ಮೇಣದಬತ್ತಿ ಹಚ್ಚುವಾಗ, ಹಾಡುವಾಗ ಮಗು ಜೊತೆಗಿದ್ದರೆ ನಿಮಗೆ ಅಭ್ಯಂತರವೇ?" ಇಲ್ಲ ಅಂದೆವು. ಮಗಳಿಗೆ ಮಾತ್ರ ಹೀಗೆ ಹೇಳಿದೆವು: ಇದು ನಿನ್ನ ಗೆಳೆಯರ ಹಬ್ಬ, ನೀನು ಅಲ್ಲಿ ನೆಂಟಳು. ನೆಂಟರ ಮನೆಯಲ್ಲಿ ಊಟಕ್ಕೆ ಕರೆದರೆ ಕೂರಬೇಕು, ಖುಷಿಯಾಗಿ ಉಣ್ಣಬೇಕು.

ಅವರಿಗೂ ಅಧಿಕ ಮಾಸ!

ಯಹೂದಿ ಪಂಚಾಂಗ ನೋಡಿದಾಗ ನನಗೆ ಆಶ್ಚರ್ಯವಾದದ್ದು ಅದು ನಮ್ಮದಕ್ಕೆ ಎಷ್ಟು ಹತ್ತಿರ ಅನ್ನುವುದು. ತಿಂಗಳು ಚಂದ್ರನ ಲೆಕ್ಕ, ಋತು ಸೂರ್ಯನ ಲೆಕ್ಕ. ಎರಡನ್ನೂ ಹೊಂದಿಸಲು 19 ವರ್ಷಕ್ಕೆ 7 ಬಾರಿ ಒಂದು ತಿಂಗಳು ಹೆಚ್ಚು ಸೇರಿಸುತ್ತಾರೆ. ನಮ್ಮಲ್ಲಿ ಅಧಿಕ ಮಾಸ ಬೇರೆ ಬೇರೆ ತಿಂಗಳಲ್ಲಿ ಬರುತ್ತೆ, ಅವರಲ್ಲಿ ಯಾವಾಗಲೂ 'ಅದಾರ್' ತಿಂಗಳೇ ಎರಡಾಗುತ್ತೆ. ಇನ್ನೊಂದು ವ್ಯತ್ಯಾಸ, ಅವರ ದಿನ ಶುರುವಾಗೋದು ಸಂಜೆ ಸೂರ್ಯ ಮುಳುಗಿದ ಮೇಲೆ. ಹಾಗಾಗಿ ಪ್ರತಿ ಹಬ್ಬಕ್ಕೂ ಮುಸ್ಸಂಜೆಯಲ್ಲೇ ಸಡಗರ.

ಹೊಸ ವರ್ಷ ರೋಶ್ ಹಶಾನಾ. ಎಷ್ಟೋ ವರ್ಷ ಅದು ನಮ್ಮ ಮಹಾಲಯ ಅಮಾವಾಸ್ಯೆಯ ಆಸುಪಾಸಿಗೇ ಬೀಳುತ್ತೆ. ಮಕ್ಕಳು ಸೇಬಿನ ಹೋಳನ್ನು ಜೇನಿನಲ್ಲಿ ಅದ್ದಿ ತಿಂತಾರೆ, ವರ್ಷ ಸಿಹಿಯಾಗಿರಲಿ ಅಂತ. ಹತ್ತನೇ ದಿನ ಯೋಮ್ ಕಿಪ್ಪುರ್. ದೊಡ್ಡವರಿಗೆ ಅದು ನೀರೂ ಮುಟ್ಟದ ಉಪವಾಸದ ಗಂಭೀರ ದಿನ. ಅವತ್ತು ರಸ್ತೆಗೆ ಕಾರು ಇಳಿಯೋದೇ ಇಲ್ಲ. ಹಾಗಾಗಿ ಮಕ್ಕಳೆಲ್ಲ ಸೈಕಲ್ ತಗೊಂಡು ಹೈವೇವರೆಗೂ ಹೋಗ್ತಾರೆ! ನನ್ನ ಮಗಳು ಸೈಕಲ್ ಕಲಿತದ್ದು ಹಾಗೆ, ನಾಲ್ಕು ಲೇನಿನ ಖಾಲಿ ರಸ್ತೆಯಲ್ಲಿ.

ಅದಾಗಿ ನಾಲ್ಕೇ ದಿನ, ಹುಣ್ಣಿಮೆಗೆ ಸುಕ್ಕೋತ್. ಬಾಲ್ಕನಿ, ಅಂಗಳ, ಹೋಟೆಲ್ ಮುಂದೆ, ಎಲ್ಲಿ ನೋಡಿದರೂ ಗುಡಿಸಲು. ಮೇಲೆ ತಾಳೆಗರಿ ಹೊದಿಸಿ ಸಂದಿಯಲ್ಲಿ ನಕ್ಷತ್ರ ಕಾಣುವ ಹಾಗೆ ಬಿಟ್ಟಿರ್ತಾರೆ. ಈಜಿಪ್ಟಿನಿಂದ ಹೊರಟ ಪೂರ್ವಜರು ಮರುಭೂಮಿಯಲ್ಲಿ ಬಿಡಾರ ಹೂಡಿ ಅಲೆದ ನೆನಪಿಗೆ ಏಳು ದಿನ ಅದರಲ್ಲೇ ಊಟ. ಒಳಗಿನ ಅಲಂಕಾರ ಪೂರ್ತಿ ಮಕ್ಕಳ ಕೆಲಸ, ಕಾಗದದ ಸರಪಳಿ ಕತ್ತರಿಸಿ ಕತ್ತರಿಸಿ ಅವುಗಳ ಕೈ ನೋಯ್ತಿತ್ತು.

ಈ ಒಂದು ತಿಂಗಳು ಯಾವ ಆಫೀಸಿಗೆ ಫೋನ್ ಮಾಡಿದರೂ ಒಂದೇ ಮಾತು, "ಹಬ್ಬ ಮುಗಿದ ಮೇಲೆ ನೋಡೋಣ." ಕೇಳಿದಾಗಲೆಲ್ಲ ನಮ್ಮೂರೇ ನೆನಪಾಗ್ತಿತ್ತು.

ದೀಪ, ಅವಲಕ್ಕಿ ಮತ್ತು ಕಿತ್ತೂರು ಚೆನ್ನಮ್ಮ

ಚಳಿಗಾಲದಲ್ಲಿ ಹನುಕ್ಕಾ. ಎಂಟು ರಾತ್ರಿ, ದಿನಕ್ಕೊಂದು ದೀಪ ಹೆಚ್ಚು. ಹಚ್ಚಲು ಬಳಸುವ ಬತ್ತಿಯನ್ನೂ ಸೇರಿಸಿದರೆ ಒಟ್ಟು 44. ಮಗಳು ಲೆಕ್ಕ ಕೂಡಿಸಲು ಕಲಿತದ್ದು ಆ ಡಬ್ಬಿಯಿಂದಲೇ. ಜೊತೆಗೆ ಎಣ್ಣೆಯಲ್ಲಿ ಕರಿದ ಜಾಮ್ ತುಂಬಿದ ಸುಫ್ಗಾನಿಯಾ. ಅದರ ಲೆಕ್ಕ ಮಾತ್ರ ನಾವು ಇಡಲಿಲ್ಲ.

ಆಮೇಲೆ ತೂ ಬಿಶ್ವಾತ್, ಮರಗಳ ಹೊಸ ವರ್ಷ. ಬಾದಾಮಿ ಮರ ಹೂ ಬಿಡುವ ಹೊತ್ತು. ಗಾನ್‌ನಲ್ಲಿ ಸಸಿ ನೆಡಿಸ್ತಾರೆ, ಒಣಹಣ್ಣು ಹಂಚ್ತಾರೆ. ಆದರೆ ಆ ಹಬ್ಬ ನಮಗೆ ಆಪ್ತವಾಗಿದ್ದಕ್ಕೆ ಕಾರಣ ಒಬ್ಬ ಅಜ್ಜಿ. ಹತ್ತಿರದ ರಾಮ್ಲಾ ಊರಿನ ಭಾರತೀಯ ಕಿರಾಣಿ ಅಂಗಡಿಯಲ್ಲಿ ಹುಣಸೆಹಣ್ಣು ಹುಡುಕ್ತಿದ್ದಾಗ ಸಿಕ್ಕವರು. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿ ಮನೆತನ, 1960ರ ದಶಕದಲ್ಲಿ ಮುಂಬೈಯಿಂದ ಬಂದವರು, ಮನೆಮಾತು ಮರಾಠಿ. ಬೆಳಗಾವಿಯವಳಾದ ನನಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಅವತ್ತಿಂದ ಅವರು ನಮಗೆ 'ಆಜಿ'.

ತೂ ಬಿಶ್ವಾತ್‌ಗೆ ಆಜಿ ಮನೆಗೆ ಕರೆದರು. ತಟ್ಟೆಯಲ್ಲಿ ಏನಿತ್ತು ಗೊತ್ತಾ? ಅವಲಕ್ಕಿ! ಕಾಯಿತುರಿ, ಸಕ್ಕರೆ, ಏಲಕ್ಕಿ ಹಾಕಿ ಕಲಸಿ, ಸುತ್ತ ಹಣ್ಣು ಇಟ್ಟಿದ್ದರು. ಪ್ರವಾದಿ ಎಲಿಯಾಹುವನ್ನು ನೆನೆದು ಮಾಡುವ 'ಮಲಿದಾ' ಅದು. ಪ್ರಾರ್ಥನೆ ಹೀಬ್ರೂನಲ್ಲಿ, ಪ್ರಸಾದ ನಮ್ಮ ಗೋಕುಲಾಷ್ಟಮಿಯ ರುಚಿಯಲ್ಲಿ. ಎಷ್ಟೋ ತಲೆಮಾರು ಪರವೂರಲ್ಲಿ ಬದುಕಿ ಆ ಜನ ತಮ್ಮ ಹಬ್ಬ ಉಳಿಸಿಕೊಂಡಿದ್ದರು, ಆ ಪರವೂರಿನ ಅವಲಕ್ಕಿಯನ್ನೂ ಬಿಟ್ಟಿರಲಿಲ್ಲ. ಅವತ್ತು ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು.

ಪುರೀಮ್ ಅಂತೂ ಮಕ್ಕಳದೇ ಹಬ್ಬ. ಎಸ್ತೇರ್ ರಾಣಿ ತನ್ನ ಜನರನ್ನು ಕಾಪಾಡಿದ ಕಥೆ ಓದ್ತಾರೆ. ದುಷ್ಟ ಮಂತ್ರಿ ಹಾಮಾನನ ಹೆಸರು ಬಂದಾಗಲೆಲ್ಲ ಮಕ್ಕಳು ಗಿರಗಿಟ್ಟಲೆ ತಿರುಗಿಸಿ, ಕಾಲು ಬಡಿದು ಆ ಹೆಸರೇ ಕೇಳದ ಹಾಗೆ ಗಲಾಟೆ ಮಾಡ್ಬೇಕು. ಗಲಾಟೆ ಮಾಡೋದೇ ನಿಯಮ ಅಂದ್ರೆ ಯಾವ ಮಗು ಬೇಡ ಅನ್ನುತ್ತೆ? ಆ ಕಥೆಯ ರಾಜನ ರಾಜ್ಯ 'ಹೋದು'ವಿನಿಂದ ಕೂಷ್‌ವರೆಗೆ, 127 ಪ್ರಾಂತ್ಯ. ಹೋದು ಅಂದರೆ ಭಾರತ. ಟೀಚರ್ ಅದನ್ನು ಓದಿದ ಕೂಡಲೇ ಇಡೀ ತರಗತಿ ತನ್ನ ಕಡೆ ತಿರುಗಿತು ಅಂತ ಮಗಳು ಮನೆಗೆ ಬಂದು ಹೆಮ್ಮೆಯಿಂದ ಹೇಳಿದಳು.

ಆ ದಿನ ಎಲ್ಲರೂ ವೇಷ ಹಾಕ್ತಾರೆ. ಹುಡುಗಿಯರಲ್ಲಿ ಅರ್ಧ ಜನ ಎಸ್ತೇರ್ ರಾಣಿ. ನಮ್ಮವಳು ಕಿತ್ತೂರು ಚೆನ್ನಮ್ಮ. ಇಳಕಲ್ ಸೀರೆಯ ತುಂಡು, ರಟ್ಟಿನ ಕತ್ತಿ. "ಇವಳು ಯಾರು?" ಅಂತ ಟೀಚರ್ ಕೇಳಿದಾಗ, "ಇವಳೂ ರಾಣಿ, ನನ್ನ ಅಜ್ಜಿ ಊರಿನ ಕಡೆಯವಳು, ಬ್ರಿಟಿಷರ ಜೊತೆ ಯುದ್ಧ ಮಾಡಿದ್ಲು" ಅಂತ ಹೀಬ್ರೂನಲ್ಲೇ ವಿವರಿಸಿದಳಂತೆ. ಫೋಟೋ ನೋಡಿ ಅವ್ವ ಇಡೀ ಓಣಿಗೆ ಫಾರ್ವರ್ಡ್ ಮಾಡಿದಳು.

ಕೇಳುವುದೇ ಮಗುವಿನ ಕೆಲಸ

ಪುರೀಮ್ ಆಗಿ ತಿಂಗಳಿಗೆ ಪೇಸಾಹ್, ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನ ಹಬ್ಬ. ಕೆಲಸಕ್ಕೆ ಹೋಗುವ ಅಮ್ಮಂದಿರಿಗೆ ಪರೀಕ್ಷೆ ಕಾಲವೂ ಹೌದು. ಶಿಶುವಿಹಾರಕ್ಕೆ ಎರಡು ವಾರಕ್ಕೂ ಹೆಚ್ಚು ರಜೆ, ಅದರ ಮಧ್ಯೆ ಮನೆಯಲ್ಲಿ ಬ್ರೆಡ್ಡಿನ ಒಂದು ಚೂರೂ ಉಳಿಯದ ಹಾಗೆ ಸ್ವಚ್ಛ ಮಾಡಬೇಕು. ಸೂಪರ್ ಮಾರ್ಕೆಟ್ಟಿನಲ್ಲಿ ಬ್ರೆಡ್ಡಿನ ಕಪಾಟಿಗೂ ಪರದೆ.

ಮೊದಲ ರಾತ್ರಿಯ ಊಟಕ್ಕೆ 'ಸೇದೆರ್' ಅಂತ ಹೆಸರು. ಆಜಿ ಮನೆಗೆ ನಾವೂ ಹೋಗಿದ್ದೆವು. ತಟ್ಟೆಯಲ್ಲಿ ಗುಲಾಮಗಿರಿಯ ನೆನಪಿಗೆ ಕಹಿ ಸೊಪ್ಪು, ಪಕ್ಕದಲ್ಲಿ ಸಿಹಿ ಹಣ್ಣಿನ ಮಿಶ್ರಣ. ಎರಡು ವಾರದ ಹಿಂದಷ್ಟೇ ನಾವು ಯುಗಾದಿಗೆ ಬೇವು-ಬೆಲ್ಲ ತಿಂದಿದ್ದೆವು!

ಆ ರಾತ್ರಿ ಕಥೆ ಶುರುವಾಗಬೇಕಾದರೆ ಮನೆಯ ಅತಿ ಚಿಕ್ಕ ಮಗು ಪ್ರಶ್ನೆ ಕೇಳಬೇಕು: ಈ ರಾತ್ರಿ ಬೇರೆ ರಾತ್ರಿಗಳಿಗಿಂತ ಯಾಕೆ ಬೇರೆ? ಮಗು ಕೇಳಿದ ಮೇಲೇ ದೊಡ್ಡವರ ಉತ್ತರ. ಮಕ್ಕಳು ನಿದ್ದೆ ಹೋಗದಿರಲಿ ಅಂತ ರೊಟ್ಟಿಯ ಒಂದು ತುಂಡನ್ನು ಬಚ್ಚಿಟ್ಟು ಹುಡುಕಿಸ್ತಾರೆ. ಕೇಳಲೂ ಬಾರದ ಮಗುವಿದ್ದರೆ? ಅದಕ್ಕೆ ನೀವಾಗಿಯೇ ಕಥೆ ಶುರು ಮಾಡಿ ಅಂತ ಅವರ ಪುಸ್ತಕವೇ ಹೇಳುತ್ತೆ. ಅವತ್ತು ಮೇಜಿನಲ್ಲಿ ಚಿಕ್ಕವಳು ನನ್ನ ಮಗಳು. ಆಜಿ ಅವಳ ಕಡೆ ನೋಡಿ, "ವಿಚಾರ್ ಬಾಳಾ" ಅಂದರು. ಅವಳು ಗಾನ್‌ನಲ್ಲಿ ಕಲಿತ ನಾಲ್ಕು ಪ್ರಶ್ನೆ ಪೂರ್ತಿ ಹಾಡಿದಳು.

ಮುಂದಿನ ಯುಗಾದಿಗೆ ಅವಳೇ ಕೇಳಿದಳು, "ಅಮ್ಮಾ, ನಮ್ಮ ಹಬ್ಬಕ್ಕೆ ನನ್ನ ಪ್ರಶ್ನೆ ಯಾವುದು?"

ಕೂತು ನಾಲ್ಕು ಪ್ರಶ್ನೆ ಮಾಡಿದೆವು. ಕಹಿ ಯಾಕೆ ತಿನ್ನಬೇಕು? ಬಾಗಿಲಿಗೆ ಮಾವಿನೆಲೆ ಯಾಕೆ? ಎಣ್ಣೆ ಯಾಕೆ ಹಚ್ಚಬೇಕು? ಪಂಚಾಂಗ ಯಾಕೆ ಓದಬೇಕು? ಬೆಳಿಗ್ಗೆ ವಿಡಿಯೋ ಕಾಲ್‌ನಲ್ಲಿ ಅವ್ವನನ್ನೇ ಕೇಳಿಸಿದೆ. ಮೊದಲ ಪ್ರಶ್ನೆಗೇ ಅವ್ವ ಇಪ್ಪತ್ತು ನಿಮಿಷ ಹೇಳಿದಳು, ತನ್ನ ಅಜ್ಜಿಯ ಕಾಲದ ಬರಗಾಲದ ಯುಗಾದಿಯ ಕಥೆ. ಅದನ್ನು ನಾನೂ ಕೇಳಿರಲಿಲ್ಲ. ಯಾಕಂದ್ರೆ ಯಾರೂ ಕೇಳಿರಲಿಲ್ಲ.

ಈಗ ಬೆಂಗಳೂರಿನಲ್ಲಿ ಹಬ್ಬಕ್ಕೇನೂ ಕೊರತೆಯಿಲ್ಲ, ಹೂವು ಹೋಳಿಗೆ ಎರಡೂ ಆ್ಯಪ್‌ನಲ್ಲೇ ಬರುತ್ತೆ. ಆದರೂ ನಮ್ಮ ಮನೆಯಲ್ಲಿ ಎರಡು ಪದ್ಧತಿ ಉಳಿದಿವೆ. ಪ್ರತಿ ಹಬ್ಬದಲ್ಲೂ ಮಗುವಿಗೆ ಅಂತ ಒಂದು ನಿಜವಾದ ಕೆಲಸ, ಒಂದು ನಿಜವಾದ ಪ್ರಶ್ನೆ. ಪೂಜೆ ನಡುವೆ ಕೇಳಿದರೂ "ಸುಮ್ನಿರು" ಅನ್ನುವ ಹಾಗಿಲ್ಲ.

ಈ ಸಲ ಗೌರಿ ಹಬ್ಬಕ್ಕೆ ನೀವೂ ಮಾಡಿ ನೋಡಿ. ಉತ್ತರ ಗೊತ್ತಿಲ್ಲದಿದ್ದರೆ ಊರಿಗೆ ಫೋನ್ ಹಚ್ಚಿ. ಎತ್ತುವವರು ಆ ಪ್ರಶ್ನೆಗಾಗಿ ಬಹಳ ದಿನದಿಂದ ಕಾಯ್ತಿರಬಹುದು.