ಒಲೆ ಮುಂದಿನ ಸೊಲ್ಲು

ಹೊಗೆ ಮೊದಲು ಕಣ್ಣಿಗೆ ಹತ್ತುತ್ತದೆ, ಆಮೇಲೆ ಗಂಟಲಿಗೆ. ಯಾರೋ ಹಸಿ ಹತ್ತಿಕಟ್ಟಿಗೆಯನ್ನೇ ಒಲೆಗೆ ತುರುಕಿದ್ದಾರೆ. ಯಲಬುರ್ಗಾ ಸೀಮೆಯ ಒಂದೂರಿನ ಗುಡಿ ಮುಂದಿನ ಬಯಲು, ಪುಷ್ಯದ ಚಳಿ, ಬೆಳಗಾಗಲು ಇನ್ನೂ ಹೊತ್ತಿದೆ. ನಿಮ್ಮ ಬೆನ್ನು ನಡುಗುತ್ತಿದೆ, ಮುಖ ಬೇಯುತ್ತಿದೆ. ಎದುರಿಗೆ ಸಾಲು ಒಲೆಗಳು, ಒಲೆಗೊಬ್ಬ ಹೆಣ್ಣುಮಗಳು. ಪಟ್ ಪಟ್ ಪಟ್ ಎಂದು ರೊಟ್ಟಿ ಬಡಿಯುವ ಸಪ್ಪಳ ಬಿಟ್ಟರೆ ಊರೆಲ್ಲ ಮಲಗಿದೆ.

ಹೊತ್ತೇರುವುದರೊಳಗೆ ಟ್ರ್ಯಾಕ್ಟರ್ ಕುಕನೂರು ದಾಟಿ ಕೊಪ್ಪಳದ ದಾರಿ ಹಿಡಿಯಬೇಕು. ಗವಿಸಿದ್ಧೇಶ್ವರ ಜಾತ್ರೆ. ತೇರು ಎಳೆಯುವುದು ಪುಷ್ಯ ಬಹುಳ ಬಿದಿಗೆಗೆ. ಮಠದ ಮಹಾದಾಸೋಹದ ಒಲೆ ಮಾತ್ರ ಅವರಾತ್ರಿ ಅಮಾವಾಸ್ಯೆಯವರೆಗೂ ಆರುವುದಿಲ್ಲ. ಅಲ್ಲಿ ಲಕ್ಷಗಟ್ಟಲೆ ರೊಟ್ಟಿ ಬೇಕು, ಹಳ್ಳಿಹಳ್ಳಿಗಳಿಂದ ಬರುತ್ತವೆ. ಅದಕ್ಕೇ ಇವನ್ನು ಖಡಕ್ಕಾಗುವವರೆಗೂ ಕೆಂಡಕ್ಕೆ ಒರಗಿಸುತ್ತಾರೆ. ಹಸಿ ಉಳಿದದ್ದಕ್ಕೆ ಬೂಸಲು ಬರುತ್ತದೆ, ಕಟಕಟಿ ಒಣಗಿದ್ದು ದಿನಗಟ್ಟಲೆ ತಡೆಯುತ್ತದೆ.

“ಬಂದೋರು ಸುಮ್ಮ ಕುಂದರಬ್ಯಾಡ್ರಿ, ಹಿಡೀರಿ.” ಅಜ್ಜಿ ಹಿಟ್ಟಿನ ಉಂಡೆಯೊಂದನ್ನು ನಿಮ್ಮ ಕೈಗೆ ಹಾಕುತ್ತಾಳೆ. ಅಂಗೈ ಚುರ್ ಎನ್ನುತ್ತದೆ. ಗೋಧಿಗಿರುವ ಅಂಟು ಜೋಳಕ್ಕಿಲ್ಲ, ಎಸರಿನ ಬಿಸಿಯೇ ಹಿಟ್ಟನ್ನು ಕೂಡಿಸಿ ಹಿಡಿಯಬೇಕು. ಈ ಸಲದ ಬಿಳಿಜೋಳ ಎರೆಹೊಲದಲ್ಲಿ ಇನ್ನೂ ತೆನೆಯಲ್ಲಿದೆ. ನಿಮ್ಮ ಕೈಯಲ್ಲಿರುವುದು ಹೋದ ಸುಗ್ಗಿಯದು. ಗಿರಣಿಗೆ ಹಾಕಿಸಿ ನಾಲ್ಕು ದಿನ ಇಟ್ಟ ಹಿಟ್ಟಾದರಂತೂ ಬಡಿಯುವಾಗ ಅಂಚು ಬಿರಿಯುತ್ತದೆ.

ಅಜ್ಜಿ ಸೊಲ್ಲೆತ್ತುತ್ತಾಳೆ.

ಬೀಸುವ ಪದ. ಮೂರೇ ಸಾಲು. ಎರಡನೆಯ ಸಾಲು ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಅದರ ಬಾಲವನ್ನೇ ಮತ್ತೆ ಹಿಡಿದು ಮೂರನೆಯದಕ್ಕೆ ದಾಟುತ್ತಾಳೆ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸದೇ ಹೋಗಿದ್ದರೆ ಓದಿದವರಿಗೆ ಈ ತ್ರಿಪದಿಗಳು ಇಷ್ಟು ಸಲೀಸಾಗಿ ಸಿಗುತ್ತಿರಲಿಲ್ಲ, ನಿಜ. ಆದರೆ ಉಸಿರು ಎಲ್ಲಿ ಕಡಿಯುತ್ತದೆ ಎಂಬುದು ಪುಸ್ತಕದಲ್ಲಿಲ್ಲ, ಇಲ್ಲಿದೆ. ಮೊದಲ ನುಡಿ ಕಲ್ಲಿಗೆ, ಆಮೇಲೆ ದೇವರಿಗೆ, ಆಮೇಲೆ ತವರಿಗೆ. ಬೀಸುಕಲ್ಲೇ ಇಲ್ಲದ ಈ ಬಯಲಿನಲ್ಲೂ ಅಜ್ಜಿ ಕಲ್ಲನ್ನು ಮರೆಯುವುದಿಲ್ಲ. ಕಲ್ಲಿನ ಸುತ್ತು ಉದ್ದ, ರೊಟ್ಟಿಯ ಬಡಿತ ಗಿಡ್ಡ. ಅದಕ್ಕೆ ಅವಳು ದನಿಯನ್ನು ಚೂರು ಚೂರೇ ಮೊಟಕು ಮಾಡಿ ಕೂಡಿಸುತ್ತಾಳೆ. ಉಳಿದವರು ಹಿಂದಿನಿಂದ ಹಿಡಿಯುತ್ತಾರೆ. ನಿಮ್ಮ ಕೈಯೂ ತಾನಾಗಿ ಆ ಲಯಕ್ಕೆ ಬೀಳುತ್ತದೆ. ರಟ್ಟೆಯ ನೋವು ಎಲ್ಲಿ ಹೋಯಿತೋ ತಿಳಿಯುವುದಿಲ್ಲ.

ಅಷ್ಟರಲ್ಲಿ ಹೊಗೆ ತಿರುಗುತ್ತದೆ. ಅಜ್ಜಿಗೆ ಕೆಮ್ಮು. ಸೊಲ್ಲು ನಡುವೆಯೇ ಕಡಿಯುತ್ತದೆ. ಒಂದು ಕೈ ನಿಂತಿತು, ಇನ್ನೊಂದು ನಿಂತಿತು. ನಿಮ್ಮ ರೊಟ್ಟಿಯ ಅಂಚು ಬಿರಿಯಿತು, ಬಿರುಕು ನಡುವಿಗೆ ಓಡಿತು. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಮ್ಮನ್ನೇ ನೋಡುತ್ತಾಳೆ.

“ಮುಂದಿಂದು ನೀ ಎತ್ತು.”

ಈಗ ‘ರೀ’ ಇಲ್ಲ. ನಿಮಗೆ ಒಂದೇ ಒಂದು ಪದ ಬರುತ್ತದೆ, ಅದೂ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು. ಬರುವುದಿಲ್ಲ ಎಂದರೆ ಯಾರೂ ಬೈಯುವುದಿಲ್ಲ, ಸುಮ್ಮನೆ ಬಡಿಯುತ್ತಾರೆ. ಆ ಸುಮ್ಮನೆ ಇದೆಯಲ್ಲ, ಅದಕ್ಕೇ ಹೆದರಿಕೆ. ಬಾಯಿ ಒಣಗಿದೆ. ನಾಲಿಗೆಯ ಮೇಲೆ ಬೂದಿ. ಎತ್ತುತ್ತೀರಿ. ದನಿ ಒಡೆಯುತ್ತದೆ, ಶ್ರುತಿ ತೀರಾ ಮೇಲಾಯಿತು, ಇಳಿಸಲು ಜಾಗವಿಲ್ಲ. ಎರಡನೆಯ ಸಾಲಿಗೆ ಉಸಿರೇ ಇಲ್ಲ. ಬಿಟ್ಟುಬಿಡಬೇಕು ಎನ್ನುವಷ್ಟರಲ್ಲಿ ಮೂಲೆಯ ಒಲೆಯಿಂದ ಒಂದು ದನಿ ಅದರ ಬಾಲ ಹಿಡಿಯುತ್ತದೆ. ಇನ್ನೊಂದು. ಪಟ್ ಪಟ್ ಪಟ್.

ಹಂಚಿನ ಮೇಲೆ ನಿಮ್ಮ ಬಿರುಕು ರೊಟ್ಟಿ. ಅಜ್ಜಿ ಅರಿವೆಯಿಂದ ನೀರು ಸವರುತ್ತಾಳೆ, ತಿರುವುತ್ತಾಳೆ. ಉಬ್ಬುವುದಿಲ್ಲ, ಸೀಳಿದ ಕಡೆಯಿಂದ ಹಬೆ ಹೊರಹೋಗುತ್ತದೆ. ಬುಟ್ಟಿಯಲ್ಲಿ ನೂರರ ನಡುವೆ ತೂರಿಸಿದರೆ ಯಾರಿಗೆ ತಿಳಿದೀತು? ನಿಮ್ಮ ಕೈ ಬುಟ್ಟಿಯತ್ತ ಹೊರಟೇಬಿಟ್ಟಿದೆ.

“ಅದು ಮಠಕ್ಕ ಬ್ಯಾಡ, ನಮಗಿರಲಿ.” ಅಜ್ಜಿ ಅದನ್ನು ಮುರಿದು ಶೇಂಗಾ ಚಟ್ನಿ ಹಾಕಿ, ಅರ್ಧ ನಿಮ್ಮ ಕೈಗಿಡುತ್ತಾಳೆ. ಖಾರಕ್ಕೆ ಕಣ್ಣಲ್ಲಿ ಮತ್ತೆ ನೀರು. ಗುಡಿಯ ಆಚೆ ಟ್ರ್ಯಾಕ್ಟರ್ ಗುಡುಗುಟ್ಟುತ್ತದೆ, ಡ್ರೈವರ್ ಹುಡುಗ ಹಾರ್ನ್ ಹೊಡೆಯುತ್ತಾನೆ.

“ತಡಿಯೋ ತಮ್ಮಾ, ಇನ್ನೂ ಒಂದು ಪರಾತ ಹಿಟ್ಟೈತಿ,” ಎಂದು ಕೂಗಿ ಅಜ್ಜಿ ನಿಮ್ಮತ್ತ ತಿರುಗುತ್ತಾಳೆ. “ತಿಂದಿ ಇಲ್ಲೋ? ಎತ್ತು ಮತ್ತ. ಈ ಸಲ ಸಣ್ಣ ದನೀಲೆ ಎತ್ತು.”