ಹತ್ತೊಂಬತ್ತನೆಯ ಗೇಟು

ಟಿ.ಬಿ. ಡ್ಯಾಮಿಗೆ ಬಂದ ಪ್ರವಾಸಿಗರು ಕಟ್ಟೆಯ 33 ಬಾಗಿಲುಗಳಲ್ಲಿ ಹತ್ತೊಂಬತ್ತನೆಯದನ್ನು ಎಣಿಸಿ ಹುಡುಕುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು ಆ ಗೇಟು ಹೊಳೆಯ ಪಾಲಾಯಿತು. ಜಲಾಶಯವೋ ತುಂಬಿತ್ತು, ಕೊಪ್ಪಳ, ರಾಯಚೂರು, ಬಳ್ಳಾರಿಯ ಬತ್ತದ ಗದ್ದೆಗಳು ಆ ನೀರನ್ನೇ ನಂಬಿದ್ದವು.

ಎಪ್ಪತ್ತು ವರ್ಷದ ಗೇಟಿಗೆ ಬಿಡಿಭಾಗ ಯಾವ ಅಂಗಡಿಯಲ್ಲಿ ದೊರೆತೀತು? ಹಳೆಯ ಮೋಟಾರಾದರೆ ಶೆಡ್ಡಿನಲ್ಲಿ ನಿಲ್ಲಿಸಿ ಕಾಯಬಹುದು; ಹೊಳೆ ಕಾಯದು. 60 ಅಡಿ ಅಗಲ, 20 ಅಡಿ ಎತ್ತರದ ಆ ಬಾಯಿಗೆ ನಾಲ್ಕು ನಾಲ್ಕು ಅಡಿ ಎತ್ತರದ ಐದು ಉಕ್ಕಿನ ಹಲಗೆಗಳನ್ನು ಅಳತೆಗೆ ತಕ್ಕಂತೆ ಹೊಸದಾಗಿಯೇ ಮಾಡಿಸಬೇಕಾಯಿತು. ಮೇಲ್ವಿಚಾರಣೆ ವೃದ್ಧ ತಜ್ಞ ಕನ್ನಯ್ಯ ನಾಯ್ಡು ಅವರದು.

ಮೊದಲ ಯತ್ನದಲ್ಲಿ ಹಲಗೆ ಇಳಿಯಲೊಲ್ಲದು. 16ರಂದು, ಧುಮುಕುವ ನೀರಿನಲ್ಲೇ, ಮೊದಲನೆಯದು ಜಾಡಿನಲ್ಲಿ ಕುಳಿತಿತು, 17ಕ್ಕೆ ಐದನೆಯದು.