ಐಸ್‌ಕ್ಯಾಂಡಿ ಅಜ್ಜನ ಐದು ಪೈಸೆ

ಮೊನ್ನೆ ಭಾನುವಾರ ದಾವಣಗೆರೆಯ ನಮ್ಮ ಬೀದಿಗೆ ಹಾಡು ಹಾಕಿಕೊಂಡು ಐಸ್‌ಕ್ರೀಂ ಗಾಡಿ ಬಂತು. "ಅಜ್ಜ, ನಿಮ್ಮ ಕಾಲದಲ್ಲೂ ಇದು ಬರ್ತಿತ್ತಾ?" ಎಂದು ಮೊಮ್ಮಗಳು ಕೇಳಿದಳು.

ದೂರದ ಅಮೆರಿಕದಲ್ಲಿ ಹ್ಯಾರಿ ಬರ್ಟ್ ಎಂಬಾತ 1920ರಲ್ಲೇ ಮೋಟಾರು ಗಾಡಿಗೆ ಗಂಟೆ ಕಟ್ಟಿ ಐಸ್‌ಕ್ರೀಂ ಮಾರಿಸಿದ್ದ. ನಮ್ಮ ಬೀದಿಗೆ ಬರುತ್ತಿದ್ದದ್ದು ತಳ್ಳುಗಾಡಿ. ಮೇಲೊಂದು ಮರದ ಪೆಟ್ಟಿಗೆ, ಒಳಗೆ ಕೆಂಪು, ಹಳದಿ ಐಸ್‌ಕ್ಯಾಂಡಿ. ಅಜ್ಜ ಮುಚ್ಚಳವನ್ನು ಟಪ್ ಟಪ್ ಎಂದು ಬಡಿದರೆ ನಾವು ಊಟ ಬಿಟ್ಟು ಓಡುತ್ತಿದ್ದೆವು.

"ಕ್ಯಾಂಡಿ ಹೇಗೆ ಮಾಡ್ತಾರಜ್ಜಾ?" ಎಂದರೆ, "ಉಪ್ಪುನೀರಿನ ಮಹಿಮೆ ಕಣಪ್ಪ" ಎನ್ನುತ್ತಿದ್ದ. ಉಪ್ಪುನೀರು ಸೊನ್ನೆ ಡಿಗ್ರಿಗಿಂತ ಕೆಳಗೆ ತಣ್ಣಗಾದರೂ ಬೇಗ ಹೆಪ್ಪುಗಟ್ಟದು. ಅದರಲ್ಲಿ ಸಕ್ಕರೆ ನೀರಿನ ಅಚ್ಚು ಇಳಿಸಿದರೆ ಒಳಗಿನದು ಗಟ್ಟಿಯಾಗುತ್ತದೆ.

ಕ್ಯಾಂಡಿಗೆ ಒಂದಾಣೆ. 1957ರ ಏಪ್ರಿಲ್ 1ರಿಂದ ನಯಾ ಪೈಸೆ ಬಂದಿತ್ತು. ಹದಿನಾರಾಣೆಯ ರೂಪಾಯಿಗೆ ಈಗ ನೂರು ಪೈಸೆ. ಅಂದರೆ ಒಂದಾಣೆಗೆ ಆರೂಕಾಲು ಪೈಸೆ. ಕಾಲು ಪೈಸೆ ನಾಣ್ಯವಿಲ್ಲ, ಹಾಗಾಗಿ ಆರು ಪೈಸೆ ಕೊಟ್ಟರಾಯಿತು. ನಾಲ್ಕಾಣೆಗೆ ಮಾತ್ರ ಸರಿಯಾಗಿ 25.

ನಾಲ್ಕನೇ ತರಗತಿಯ ನನ್ನ ತಲೆ ಓಡಿತು. ನಾವು ನಾಲ್ವರು ಗೆಳೆಯರು ಒಟ್ಟಿಗೆ ಕೊಂಡರೆ 25 ಪೈಸೆ. ಬೇರೆ ಬೇರೆ ಕೊಂಡರೆ 24! ಐದು ಸಲ ಹೀಗೆ ಮಾಡಿ, ಉಳಿದ ಪೈಸೆಗೆ ಪೆಪ್ಪರ್‌ಮಿಂಟ್ ತಿಂದೆವು. ಮನೆಯಲ್ಲಿ ಜಂಬದಿಂದ ಹೇಳಿಕೊಂಡೆ. ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಅಪ್ಪ ತಲೆಯೆತ್ತಿ, "ಲೆಕ್ಕ ಸರಿ ಇದೆ. ಆ ಪೈಸೆ ಯಾರ ಜೇಬಿನದು?" ಎಂದಷ್ಟೇ ಕೇಳಿದರು.

ಮರುದಿನ ಕ್ಯಾಂಡಿ ತಿನ್ನದೆ ಆರು ಪೈಸೆ ಉಳಿಸಿದೆ. ಆದರೆ ಅಜ್ಜ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬೇಸಿಗೆ ರಜೆಗೆ ಹರಿಹರದ ಅಜ್ಜಿ ಮನೆಗೆ ಹೋದಾಗ, ಹರಿಹರೇಶ್ವರ ದೇವಸ್ಥಾನದ ಬಳಿ ಟಪ್ ಟಪ್ ಕೇಳಿಸಿತು. ಓಡಿಹೋಗಿ ಐದು ಪೈಸೆ ಕೈಗಿಟ್ಟು ಎಲ್ಲ ಹೇಳಿದೆ.

"ನಂಗೂ ಲೆಕ್ಕ ಬರುತ್ತಪ್ಪ. ಹುಡುಗರು ನಗ್ತಾ ಹೋಗ್ತಿದ್ರಿ, ಸುಮ್ನಿದ್ದೆ" ಎಂದ. ಬೇಡ ಎನ್ನುತ್ತಾನೆಂದುಕೊಂಡಿದ್ದೆ. ಇಲ್ಲ, ಎಣಿಸಿ ಸೊಂಟದ ಚೀಲಕ್ಕೆ ಹಾಕಿಕೊಂಡ. ಆ ಐದು ಪೈಸೆ ಅವನಿಗೆ ಬೇಕಿತ್ತು ಎಂಬುದು ಆಗ ತಿಳಿಯಿತು.

ಮುಂದೆ ಬ್ಯಾಂಕಿನಲ್ಲಿ ದಿನದ ಲೆಕ್ಕ ಒಂದು ಪೈಸೆ ಹೊಂದದೆ ರಾತ್ರಿಯವರೆಗೂ ಕೂತಾಗ ಅಜ್ಜನ ಆ ಎಣಿಸುವ ಬೆರಳುಗಳು ನೆನಪಾಗುತ್ತಿದ್ದವು.

ಮೊಮ್ಮಗಳಿಗೆ ಡಬ್ಬಿಯಿಂದ ಒಂದು ನಯಾ ಪೈಸೆ ತೆಗೆದು ಕೊಟ್ಟೆ. ಅಂಗೈ ಮೇಲಿಟ್ಟು ನೋಡಿ, "ಇಷ್ಟು ಚಿಕ್ಕದಾ ಅಜ್ಜ!" ಎಂದಳು.